ಫೋನ್ ಸಿಕ್ಕಿಸಿದ ಕೂಡಲೇ ಡ್ರೋನ್ ಕಂಟ್ರೋಲರ್ ಚಾರ್ಜ್ ಇಳಿಯುತ್ತದೆ, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಕುಮಟಾ ಹತ್ತಿರದ ಹಳ್ಳಿ. ನನ್ನ ಬಳಿ ಡಿಜೆಐ ಮಿನಿ 2 ಡ್ರೋನ್ ಇದೆ. ಅಘನಾಶಿನಿ ಅಳಿವೆ, ಗಜನಿ ಗದ್ದೆ, ಇಳಿತದ ಹೊತ್ತಿಗೆ ಬಳಚು ಚಿಪ್ಪು ಹೆಕ್ಕುವವರು, ಇದನ್ನೆಲ್ಲ ವಿಡಿಯೋ ಮಾಡುತ್ತೇನೆ. ಆಂಡ್ರಾಯ್ಡ್ ಫೋನನ್ನು ಕಂಟ್ರೋಲರ್‌ಗೆ ಸಿಕ್ಕಿಸಿದ ಕೂಡಲೇ ಫೋನ್ ಚಾರ್ಜ್ ಆಗಲು ಶುರುವಾಗುತ್ತದೆ. ಬೆಳಿಗ್ಗೆ ನಾಲ್ಕು ದೀಪ ಇದ್ದ ಕಂಟ್ರೋಲರ್ ಮಧ್ಯಾಹ್ನಕ್ಕೆ ಒಂದು ದೀಪಕ್ಕೆ ಬಂದಿರುತ್ತದೆ. ಫೋನಿನಲ್ಲಿ ಮಾತ್ರ ಚಾರ್ಜ್ ಹಾಗೇ ಇರುತ್ತದೆ. ಕೇಬಲ್ಲಿನ ಕೆಂಪು ವೈರ್ ಕತ್ತರಿಸಿಬಿಡು, ಡೇಟಾ ಮಾತ್ರ ಹೋಗುತ್ತದೆ ಅಂತ ಭಾವ ಹೇಳುತ್ತಾರೆ. ಕತ್ತರಿಸಲಾ?

ಉತ್ತರ:

ಮೊದಲು ಕತ್ತರಿ ಕೆಳಗಿಡಿ. ಆ ವೈರ್ ಕತ್ತರಿಸಿದರೆ ಚಾರ್ಜ್ ಉಳಿಯುವುದಿಲ್ಲ, ಫೋನೇ ಕನೆಕ್ಟ್ ಆಗುವುದಿಲ್ಲ. ನಾನೇ ಒಂದು ಹಳೇ ಕೇಬಲ್ ಮೇಲೆ ಮಾಡಿ ನೋಡಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಕಂಟ್ರೋಲರ್ ಒಳಗೆ ಏನು ನಡೆಯುತ್ತಿದೆ ಅನ್ನೋದು ಗೊತ್ತಾಗಬೇಕು. ಅದು ಗೊತ್ತಾದರೆ ಅರ್ಧ ತೊಂದರೆ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಮಿನಿ 2 ಜೊತೆ ಬರುವುದು ಆರ್‌ಸಿ-ಎನ್1 ಅನ್ನೋ ಕಂಟ್ರೋಲರ್. ಅದರೊಳಗಿನ ಬ್ಯಾಟರಿ 5200 ಎಂಎಎಚ್, 3.6 ವೋಲ್ಟ್. ಗುಣಿಸಿದರೆ ಹತ್ತಿರ ಹತ್ತಿರ 18.7 ವಾಟ್-ಅವರ್ ಆಗುತ್ತದೆ. ಫೋನಿಗೆ ಚಾರ್ಜ್ ಕೊಡದಿದ್ದರೆ 6 ಗಂಟೆ, ಕೊಟ್ಟರೆ 4 ಗಂಟೆ ಬಾಳುತ್ತದೆ ಅಂತ ಕಂಪನಿಯ ಲೆಕ್ಕ. ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ. 18.7ನ್ನು 6ರಿಂದ ಭಾಗಿಸಿದರೆ ಸುಮಾರು 3.1 ವಾಟ್. 4ರಿಂದ ಭಾಗಿಸಿದರೆ 4.7 ವಾಟ್. ಅಂದರೆ ಕಂಟ್ರೋಲರ್ ತನ್ನ ಕೆಲಸಕ್ಕೆ ತಿನ್ನುವುದು 3 ವಾಟ್, ಅದರ ಮೇಲೆ ಫೋನ್ ಸುಮಾರು ಒಂದೂವರೆ ವಾಟ್ ಎಳೆಯುತ್ತದೆ. ಸಣ್ಣದೇನಲ್ಲ, ಮೂರರಲ್ಲಿ ಒಂದು ಪಾಲು ಫೋನಿನ ಹೊಟ್ಟೆಗೇ ಹೋಗುತ್ತದೆ.

ಆದರೆ ಇನ್ನೊಂದು ಲೆಕ್ಕವೂ ಇದೆ. ಮಿನಿ 2ರ ಒಂದು ಬ್ಯಾಟರಿ ಕಂಪನಿ ಹೇಳುವ ಪ್ರಕಾರ ಹೆಚ್ಚೆಂದರೆ 31 ನಿಮಿಷ ಹಾರುತ್ತದೆ. ಅದು ಗಾಳಿಯಿಲ್ಲದ ಕಡೆ. ನಮ್ಮ ಕರಾವಳಿಯ ಮಧ್ಯಾಹ್ನದ ಗಾಳಿಯಲ್ಲಿ ಇಪ್ಪತ್ತು ಇಪ್ಪತ್ತೆರಡು ನಿಮಿಷಕ್ಕೆ ಇಳಿಸಿಬಿಡುತ್ತೇವೆ, ಅಲ್ವಾ? ಮೂರು ಬ್ಯಾಟರಿ ಇದ್ದರೂ ಒಟ್ಟು ಹಾರಾಟ ಒಂದು ಗಂಟೆಯ ಆಚೀಚೆ. ಫೋನ್ ಚಾರ್ಜ್ ಆಗುತ್ತಲೇ ಇದ್ದರೂ ಕಂಟ್ರೋಲರ್ 4 ಗಂಟೆ ಬರಬೇಕು. ಹಾಗಾದರೆ ಉಳಿದ ಮೂರು ಗಂಟೆ ಎಲ್ಲಿ ಹೋಯಿತು?

ನನಗೆ ಅನ್ನಿಸುವುದು, ಅದು ಹಾರಾಟದಲ್ಲಿ ಹೋಗಿಲ್ಲ. ಹಾರಾಟದ ನಡುವೆ ಹೋಗಿದೆ. ಒಂದು ಬ್ಯಾಟರಿ ಮುಗಿಸಿ ಡ್ರೋನ್ ಇಳಿಸುತ್ತೀರಿ, ಬೈಕ್ ಹತ್ತಿ ಮುಂದಿನ ಜಾಗಕ್ಕೆ ಹೋಗುತ್ತೀರಿ, ಇಳಿತಕ್ಕೆ ಕಾಯುತ್ತೀರಿ, ಅಲ್ಲೇ ಕೂತು ತೆಗೆದ ವಿಡಿಯೋ ನೋಡುತ್ತೀರಿ. ಫೋನ್ ಕಂಟ್ರೋಲರ್‌ನಲ್ಲೇ ಕೂತಿರುತ್ತದೆ, ಕಂಟ್ರೋಲರ್ ಆನ್ ಇರುತ್ತದೆ. ನಾನೂ ಮೊದಮೊದಲು ಇದನ್ನೇ ಮಾಡುತ್ತಿದ್ದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವಾಗ ಎಷ್ಟೋ ಸಲ ದಾರಿಯುದ್ದ ಫೋನ್ ಸಿಕ್ಕಿಸಿಯೇ ಇಟ್ಟಿದ್ದೇನೆ. ಸಮುದ್ರ ಕಾಣುವ ಹೊತ್ತಿಗೆ ಎರಡು ದೀಪ ಹೋಗಿರುತ್ತಿತ್ತು.

ಹಾಗಾಗಿ ನನ್ನ ಮೊದಲ ಮಾತು ಇಷ್ಟೇ. ಡ್ರೋನ್ ನೆಲಕ್ಕೆ ಇಳಿದು ರೆಕ್ಕೆ ನಿಂತ ಮೇಲೆ ಎರಡು ಕೆಲಸ ಮಾಡಿ: ಕೇಬಲ್ ತೆಗೆಯಿರಿ, ಕಂಟ್ರೋಲರ್ ಆಫ್ ಮಾಡಿ. ಮತ್ತೆ ಹಾರಿಸುವ ಮುನ್ನ ಸಿಕ್ಕಿಸಿ. ಒಂದು ನಿಮಿಷದ ಕೆಲಸ. ಇದೊಂದೇ ನಿಮ್ಮ ತೊಂದರೆಯ ದೊಡ್ಡ ಪಾಲನ್ನು ಕಳೆಯುತ್ತದೆ ಅಂತ ನನ್ನ ನಂಬಿಕೆ.

ಈಗ ಫೋನ್ ಯಾಕೆ ಎಳೆಯುತ್ತದೆ ಅನ್ನೋ ವಿಷಯ. ಯುಎಸ್‌ಬಿಯಲ್ಲಿ ಯಾವಾಗಲೂ ಒಬ್ಬ ಯಜಮಾನ ಇರುತ್ತಾನೆ, ಸಾಮಾನ್ಯವಾಗಿ ಅವನೇ ಕರೆಂಟ್ ಕೊಡಬೇಕು. ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿದರೆ ಕಂಪ್ಯೂಟರ್ ಯಜಮಾನ. ಫೋನಿಗೆ ಒಟಿಜಿ ಅನ್ನೋ ಅಡಾಪ್ಟರ್ ಹಾಕಿ ಪೆನ್‌ಡ್ರೈವ್ ಸಿಕ್ಕಿಸಿದರೆ ಫೋನ್ ಯಜಮಾನ. ಡ್ರೋನ್ ಕಂಟ್ರೋಲರ್ ವಿಷಯದಲ್ಲಿ ನಮಗೆಲ್ಲ ಅನ್ನಿಸುವುದು ಫೋನೇ ದೊಡ್ಡದು, ಅದೇ ಯಜಮಾನ ಅಂತ. ಹಾಗಿಲ್ಲ. ಆಂಡ್ರಾಯ್ಡ್‌ನಲ್ಲಿ ಇಂಥ ಸಾಧನಗಳಿಗೆ ಅಂತಲೇ 2011ರಲ್ಲಿ ಒಂದು ಪದ್ಧತಿ ಬಂತು, ಓಪನ್ ಆಕ್ಸೆಸರಿ ಅಂತ ಅದರ ಹೆಸರು. ಅದರ ನಿಯಮದಲ್ಲಿ ಹೊರಗಿನ ಸಾಧನವೇ ಯಜಮಾನ. ಅದು ಫೋನಿಗೆ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್ ಕೊಡಲು ತಯಾರಿರಬೇಕು. ಫೋನ್ ಕಳ್ಳತನ ಮಾಡುತ್ತಿಲ್ಲ, ಕೊಡಬೇಕು ಅಂತ ನಿಯಮ ಇರುವುದನ್ನೇ ತೆಗೆದುಕೊಳ್ಳುತ್ತಿದೆ.

ಭಾವ ಹೇಳಿದ ಕೆಂಪು ವೈರಿಗೆ ಬರೋಣ. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನಲ್ಲಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಮತ್ತು ಹಸಿರು ಡೇಟಾ. ಕೆಂಪು ಹೋದರೆ ಡೇಟಾ ಉಳಿಯುತ್ತದೆ ಅನ್ನೋದು ಮೇಲ್ನೋಟಕ್ಕೆ ಸರಿ. ಆದರೆ ತನಗೆ ಯಾರೋ ಬಂದು ಸಿಕ್ಕಿಕೊಂಡರು ಅಂತ ಫೋನಿಗೆ ತಿಳಿಯುವುದೇ ಆ 5 ವೋಲ್ಟ್ ಬಂದಾಗ. ಬಾಗಿಲು ಬಡಿದ ಸದ್ದೇ ಬರದಿದ್ದರೆ ಒಳಗಿನವರು ಚಿಲಕ ತೆಗೆಯುವುದು ಹೇಗೆ? ಟೈಪ್-ಸಿ ಕೇಬಲ್ಲಿನಲ್ಲೂ ಹೀಗೇ, ಅಲ್ಲಿ ಯಾರು ಕೊಡುವವರು ಯಾರು ತೆಗೆದುಕೊಳ್ಳುವವರು ಅಂತ ತೀರ್ಮಾನಿಸಲು ಬೇರೆ ಒಂದು ತಂತಿಯೇ ಇದೆ, ಜೊತೆಗೆ 5 ವೋಲ್ಟ್ ಬಂದರೆ ಮಾತ್ರ ಫೋನ್ ಮುಂದಿನ ಮಾತು ಆಡುತ್ತದೆ. ನಾನು ಕತ್ತರಿಸಿದ ಕೇಬಲ್ ಸಿಕ್ಕಿಸಿದಾಗ ಫೋನ್ ಮಿಸುಕಲೇ ಇಲ್ಲ. ಆ್ಯಪ್‌ನಲ್ಲಿ ಕನೆಕ್ಟ್ ಮಾಡಿ ಅನ್ನೋ ಪುಟ ಹಾಗೇ ನಿಂತಿತ್ತು.

ಇದರ ತಮ್ಮಂದಿರೂ ಇದ್ದಾರೆ. ಪಿನ್ ಮೇಲೆ ಟೇಪ್ ಅಂಟಿಸುವುದು ಒಂದು. ಅದೂ ಇದೇ ಕಥೆ. ಕೆಂಪು ವೈರಿನ ನಡುವೆ ರೆಸಿಸ್ಟರ್ ಹಾಕುವುದು ಇನ್ನೊಂದು. ಫೋನ್ ಸ್ವಲ್ಪ ಜಾಸ್ತಿ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಕನೆಕ್ಷನ್ ತಪ್ಪುತ್ತದೆ, ಮತ್ತೆ ಬರುತ್ತದೆ, ಮತ್ತೆ ತಪ್ಪುತ್ತದೆ. ಮೇಜಿನ ಮೇಲೆ ಇದ್ದಾಗ ಪರವಾಗಿಲ್ಲ, ಡ್ರೋನ್ ಅಳಿವೆಯ ಮೇಲೆ ಇದ್ದಾಗ ಚಿತ್ರ ಹೋಗಿ ಬಂದು ಮಾಡಿದರೆ ಕೈ ನಡುಗುತ್ತದೆ. ಒಂದು ಕಡೆ ಪವರ್‌ಬ್ಯಾಂಕ್, ಒಂದು ಕಡೆ ಕಂಟ್ರೋಲರ್, ನಡುವೆ ಫೋನ್ ಇರುವ ಕವಲು ಕೇಬಲ್ ಮಾಡಿಕೊಂಡವರನ್ನೂ ನೋಡಿದ್ದೇನೆ. ಸರಿಯಾಗಿ ತಡೆ ಹಾಕದಿದ್ದರೆ ಪವರ್‌ಬ್ಯಾಂಕಿನ ಕರೆಂಟ್ ಹಿಂದೆ ತಿರುಗಿ ಕಂಟ್ರೋಲರ್ ಒಳಗೆ ನುಗ್ಗುತ್ತದೆ. ಬೇಡವೇ ಬೇಡ. ಇನ್ನು ಅಂಗಡಿಯಲ್ಲಿ ಡೇಟಾ ಬ್ಲಾಕರ್ ಅಂತ ಒಂದು ಪುಟ್ಟ ಸಾಮಾನು ಸಿಗುತ್ತದೆ, ಅದನ್ನು ತಪ್ಪಿ ಕೊಂಡೀರಿ. ಅದು ನಮಗೆ ಬೇಕಾದ್ದಕ್ಕೆ ಪೂರ್ತಿ ಉಲ್ಟಾ. ಚಾರ್ಜ್ ಬಿಡುತ್ತದೆ, ಡೇಟಾ ತಡೆಯುತ್ತದೆ.

ಹಾಗಾದರೆ ಸೆಟ್ಟಿಂಗ್‌ನಲ್ಲೇ ನಿಲ್ಲಿಸಲು ಆಗುವುದಿಲ್ಲವಾ? ಐಫೋನ್ ಆದರೆ ಆಗುತ್ತದೆ. ಡಿಜೆಐ ಫ್ಲೈ ಆ್ಯಪ್‌ನಲ್ಲಿ ಕಂಟ್ರೋಲ್ ಅನ್ನೋ ಪುಟದಲ್ಲಿ ಫೋನ್ ಚಾರ್ಜಿಂಗಿಗೆ ಒಂದು ಸ್ವಿಚ್ ಇದೆ. ಐಫೋನಿಗೆ ಅದು ಮೊದಲಿಂದಲೇ ಆಫ್ ಇರುತ್ತದೆ, ಬೇಕಾದರೆ ಕಂಟ್ರೋಲರ್ ಆನ್ ಮಾಡಿದಾಗಲೆಲ್ಲ ನಾವೇ ಆನ್ ಮಾಡಿಕೊಳ್ಳಬೇಕು. ನಿಮ್ಮದು ಆಂಡ್ರಾಯ್ಡ್. ಆ ಸ್ವಿಚ್ ಕಂಡರೆ ಆಫ್ ಮಾಡಿ. ಕಾಣದಿದ್ದರೆ ಹುಡುಕುತ್ತ ಹೊತ್ತು ಕಳೆಯಬೇಡಿ, ಮೇಲೆ ಹೇಳಿದ ನಿಯಮವೇ ಕಾರಣ.

ಆಂಡ್ರಾಯ್ಡ್‌ನಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವ ಒಂದು ಜಾಗ ಇದೆ. ಕೇಬಲ್ ಸಿಕ್ಕಿಸಿದಾಗ ಫೋನ್ ಕೇಳುತ್ತದೆ: ಫೈಲ್ ಕಳಿಸಬೇಕಾ, ಫೋಟೋ ಕಳಿಸಬೇಕಾ, ಬರೀ ಚಾರ್ಜ್ ಮಾಡಬೇಕಾ? ನಾವು ಚಾರ್ಜ್ ಬೇಡ ಅಂತ ಫೈಲ್ ಅನ್ನೋದನ್ನು ಒತ್ತುತ್ತೇವೆ. ಆಗ ಕನೆಕ್ಷನ್ನೇ ಸಿಗದೆ ಹೋಗಬಹುದು. ಬರೀ ಚಾರ್ಜ್ ಅನ್ನೋದನ್ನೇ ಆರಿಸಿ ಅಂತ ಕಂಪನಿಯ ಕೈಪಿಡಿಯೇ ಹೇಳುತ್ತದೆ. ಆ ಪಟ್ಟಿ ಇರುವುದು ಫೋನಿನ ಫೈಲುಗಳನ್ನು ತೋರಿಸಬೇಕೋ ಬೇಡವೋ ಅನ್ನೋದಕ್ಕೆ. ಯಾವುದನ್ನು ಒತ್ತಿದರೂ ಚಾರ್ಜ್ ಹೋಗುತ್ತಲೇ ಇರುತ್ತದೆ. ಕೆಲವು ಫೋನಿನಲ್ಲಿ ಅದೇ ಪುಟದಲ್ಲಿ ಸಿಕ್ಕಿಸಿದ ಸಾಧನಕ್ಕೆ ಚಾರ್ಜ್ ಕೊಡು ಅನ್ನೋ ಆಯ್ಕೆಯೂ ಇರುತ್ತದೆ. ಆ ಕಡೆಯ ಸಾಧನ ಒಪ್ಪಿದರೆ ಮಾತ್ರ ಅದು ನಡೆಯುತ್ತದೆ.

ಹೊಸ ಫೋನುಗಳಲ್ಲಿ ಬೈಪಾಸ್ ಚಾರ್ಜಿಂಗ್, 80 ಶೇಕಡಕ್ಕೆ ನಿಲ್ಲಿಸುವುದು, ಇಂಥವೆಲ್ಲ ಬಂದಿವೆ. ಇದನ್ನು ಹಾಕಿಕೊಂಡರೆ ಸಾಕು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಬೈಪಾಸ್ ಅಂದರೆ ಫೋನಿನ ಬ್ಯಾಟರಿಗೆ ಚಾರ್ಜ್ ತುಂಬುವುದು ನಿಲ್ಲುತ್ತದೆ, ಆದರೆ ಫೋನ್ ಓಡುವುದು ಕೇಬಲ್ಲಿನ ಕರೆಂಟಿನಲ್ಲೇ. ನಮಗೆ ಬೇಕಾದ್ದು ಇದಲ್ಲ, ಫೋನ್ ತನ್ನ ಬ್ಯಾಟರಿಯನ್ನೇ ತಿನ್ನಬೇಕು. 100 ಶೇಕಡ ತುಂಬಿದ ಫೋನ್ ಕೂಡ ಹೀಗೇ. ನನ್ನ ಹತ್ತಿರ ಒಂದು ಸಣ್ಣ ಯುಎಸ್‌ಬಿ ಮೀಟರ್ ಇದೆ, ಬೆಂಕಿಪೊಟ್ಟಣದಷ್ಟು ದೊಡ್ಡದು, ಕೇಬಲ್ಲಿನ ನಡುವೆ ಸಿಕ್ಕಿಸಿದರೆ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ತೋರಿಸುತ್ತದೆ. ಅರ್ಧ ಖಾಲಿಯಾದ ಫೋನ್ ಸಿಕ್ಕಿಸಿದಾಗ ಅಂಕೆ ಅರ್ಧ ಆಂಪಿಯರ್ ಹತ್ತಿರ ಹೋಗಿ ಅಲ್ಲೇ ನಿಂತಿತು, ಕದಲಲಿಲ್ಲ. ಅದೇ ಫೋನನ್ನು ಪೂರ್ತಿ ತುಂಬಿಸಿ ಸಿಕ್ಕಿಸಿದೆ. ಅಂಕೆ ಇಳಿಯಿತು, ಸೊನ್ನೆಗೆ ಬರಲಿಲ್ಲ. ಬೆರಳಿಂದ ಬೆಳಕು ಜಾಸ್ತಿ ಮಾಡಿದೆ, ಅಂಕೆ ಏರಿತು. ಕಡಿಮೆ ಮಾಡಿದೆ, ಇಳಿಯಿತು. ಪರದೆಯ ಬೆಳಕಿನ ದುಡ್ಡನ್ನು ಯಾರು ಕಟ್ಟುತ್ತಿದ್ದಾರೆ ಅಂತ ಆವತ್ತು ಕಣ್ಣಾರೆ ನೋಡಿದೆ. ಇಂಥ ಮೀಟರ್ ಒಂದು ಕೊಳ್ಳಿ, ದೊಡ್ಡ ಖರ್ಚಲ್ಲ, ಯಾರೋ ಹೇಳಿದ್ದನ್ನು ನಂಬುವ ಬದಲು ನಿಮ್ಮ ಫೋನ್ ಏನು ಮಾಡುತ್ತದೆ ಅಂತ ನೀವೇ ನೋಡಬಹುದು. ಹಾರಿಸುವಾಗ ಮಾತ್ರ ತೆಗೆದಿಡಿ.

ಇದರಿಂದ ಎರಡು ವಿಷಯ ಸಿಗುತ್ತದೆ. ಮನೆ ಬಿಡುವ ಮೊದಲು ಫೋನ್ ಪೂರ್ತಿ ತುಂಬಿಸಿ. ಮೂವತ್ತು ಶೇಕಡ ಇರುವ ಫೋನ್ ಸಿಕ್ಕಿಸಿದರೆ ಅದು ತನ್ನ ಖರ್ಚಿಗೂ ಎಳೆಯುತ್ತದೆ, ತುಂಬಿಸಿಕೊಳ್ಳಲೂ ಎಳೆಯುತ್ತದೆ. ಎರಡನೆಯದು ಫೋನಿನ ಖರ್ಚನ್ನೇ ಇಳಿಸುವುದು. ಮಿನಿ 2ರಲ್ಲಿ ಫೋನಿಗೂ ಕಂಟ್ರೋಲರ್‌ಗೂ ಮಾತು ನಡೆಯುವುದು ಕೇಬಲ್ಲಿನಲ್ಲಿ, ಹಾಗಾಗಿ ಏರ್‌ಪ್ಲೇನ್ ಮೋಡ್ ಹಾಕಿದರೂ ಚಿತ್ರ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ತುಂಬ ಮುಖ್ಯ. ಘಟ್ಟದ ಕೆಳಗೆ, ಕಾಡಿನ ನಡುವೆ ನೆಟ್‌ವರ್ಕ್ ಒಂದು ಕಡ್ಡಿ ಬಂದು ಹೋಗಿ ಮಾಡುತ್ತದಲ್ಲ, ಆಗ ಫೋನ್ ಟವರ್ ಹುಡುಕುತ್ತ ಜಾಸ್ತಿ ಕರೆಂಟ್ ತಿನ್ನುತ್ತದೆ. ಆ ಹುಡುಕಾಟದ ಖರ್ಚೂ ಕಂಟ್ರೋಲರ್ ಲೆಕ್ಕಕ್ಕೇ ಬೀಳುತ್ತದೆ. ಮ್ಯಾಪ್ ಬೇಕಿದ್ದರೆ ಮನೆಯಲ್ಲಿ ವೈಫೈ ಇರುವಾಗಲೇ ಆ್ಯಪ್ ತೆರೆದು ಹೋಗುವ ಜಾಗವನ್ನು ಒಮ್ಮೆ ಪರದೆ ಮೇಲೆ ತಂದುಕೊಳ್ಳಿ. ಬ್ಯಾಟರಿ ಸೇವರ್ ಮಾತ್ರ ಹಾಕಬೇಡಿ, ಅದು ಫ್ಲೈ ಆ್ಯಪನ್ನೇ ನಿಧಾನ ಮಾಡಿ ಚಿತ್ರ ತಡವರಿಸುವಂತೆ ಮಾಡಬಹುದು.

ಬೆಳಕಿನ ವಿಷಯದಲ್ಲಿ ನಮಗೆ ಕಷ್ಟ ಇದೆ, ಒಪ್ಪುತ್ತೇನೆ. ಗೋಕರ್ಣದ ಕಡಲ ದಂಡೆಯಲ್ಲಿ ಹನ್ನೊಂದು ಗಂಟೆಯ ಬಿಸಿಲಿಗೆ ಬೆಳಕು ಕಡಿಮೆ ಮಾಡಿದರೆ ಏನೂ ಕಾಣುವುದಿಲ್ಲ. ನಾನು ಕಪ್ಪು ರಟ್ಟಿನ ಒಂದು ಮರೆ ಮಾಡಿಕೊಂಡಿದ್ದೇನೆ, ಫೋನಿನ ಮೂರು ಕಡೆ ನಿಲ್ಲುತ್ತದೆ. ಅಂಗಡಿಯಲ್ಲಿ ಸನ್‌ಹುಡ್ ಅಂತ ಸಿಗುತ್ತದೆ. ಬೆಳಕು ಅರ್ಧಕ್ಕೆ ಇಳಿಸಿದರೂ ಚಿತ್ರ ಕಾಣುತ್ತದೆ. ಇನ್ನೊಂದು ಲಾಭ, ಫೋನ್ ಬಿಸಿ ಕಡಿಮೆಯಾಗುತ್ತದೆ. ಬಿಸಿಲು, ಪೂರ್ತಿ ಬೆಳಕು, ಮೇಲಿಂದ ಚಾರ್ಜಿಂಗ್ ಮೂರೂ ಸೇರಿದರೆ ಫೋನ್ ಕಾದು ತಾನಾಗಿಯೇ ಪರದೆ ಮಬ್ಬು ಮಾಡುತ್ತದೆ. ಐಫೋನನ್ನು 35 ಡಿಗ್ರಿ ಮೀರಿದ ಸೆಕೆಯಲ್ಲಿ ಬಳಸಬೇಡಿ ಅಂತ ಅದರ ಕಂಪನಿಯೇ ಹೇಳುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಬಿಸಿಲಿಗೆ ಬಿಟ್ಟ ಫೋನ್ ಆ ಗಡಿ ದಾಟಲು ಎಷ್ಟು ಹೊತ್ತು ಬೇಕು ಹೇಳಿ.

ಫೋನ್ ಹಳೆಯದಾ ನಿಮ್ಮದು? ಬ್ಯಾಟರಿ ಸೋತ ಹಳೇ ಫೋನನ್ನು ಡ್ರೋನಿಗೆ ಅಂತಲೇ ಇಟ್ಟುಕೊಳ್ಳುವ ಅಭ್ಯಾಸ ತುಂಬ ಜನರಿಗೆ ಇದೆ. ಅದು ತೂತಾದ ಕೊಡ. ಬೆಳಿಗ್ಗೆ ನೂರು ತೋರಿಸುತ್ತದೆ, ಅರ್ಧ ಗಂಟೆಗೆ ಅರುವತ್ತಕ್ಕೆ ಬಂದು ಕಂಟ್ರೋಲರಿಂದ ಇನ್ನೂ ಜಾಸ್ತಿ ಎಳೆಯಲು ಶುರು ಮಾಡುತ್ತದೆ. ಅಂಥ ಫೋನ್ ಇದ್ದರೆ ಅದರ ಬ್ಯಾಟರಿ ಬದಲಾಯಿಸಿ, ಇಲ್ಲ ದಿನಬಳಕೆಯ ಒಳ್ಳೇ ಫೋನನ್ನೇ ಹಾಕಿ.

ಕೇಬಲ್ ಬಗ್ಗೆಯೂ ಹೇಳಲೇಬೇಕು. ನಿಮ್ಮ ಎನ್1ಗೆ ಜೊತೆಯಲ್ಲಿ ಬಂದ ಗಿಡ್ಡ ಕೇಬಲ್ ಇದ್ದರೆ ಅದನ್ನೇ ಬಳಸಿ. ಚೌಕನೆಯ ದೊಡ್ಡ ಯುಎಸ್‌ಬಿ ತೂತು ಇರುವ ಹಳೇ ಕಂಟ್ರೋಲರ್ ಇಟ್ಟುಕೊಂಡ ಗೆಳೆಯರೂ ಇದನ್ನು ಓದುತ್ತಿರಬಹುದು, ಅವರಿಗೆ ಈ ಮಾತು ಜಾಸ್ತಿ ಅನ್ವಯ. ದೊಡ್ಡ ಯುಎಸ್‌ಬಿಯಿಂದ ಟೈಪ್-ಸಿಗೆ ಹೋಗುವ ಕೇಬಲ್ ಒಳಗೆ 56 ಕಿಲೋಓಮ್‌ನ ಒಂದು ರೆಸಿಸ್ಟರ್ ಇರಬೇಕು ಅಂತ ನಿಯಮ. ಅದನ್ನು ನೋಡಿ ಫೋನ್ ಮಿತಿಯಲ್ಲಿ ಎಳೆಯುತ್ತದೆ. ಕೆಲವು ಅಗ್ಗದ ಕೇಬಲ್ಲಿನಲ್ಲಿ ಅದರ ಬದಲು 10 ಕಿಲೋಓಮ್ ಹಾಕಿರುತ್ತಾರೆ. ಆಗ ಎದುರಿಗೆ 3 ಆಂಪಿಯರ್ ಕೊಡುವ ದೊಡ್ಡ ಚಾರ್ಜರ್ ಇದೆ ಅಂತ ಫೋನ್ ತಿಳಿದುಕೊಂಡು ಬಾಯಿ ದೊಡ್ಡದು ಮಾಡುತ್ತದೆ. ಪಾಪದ ಕಂಟ್ರೋಲರ್ ಎಲ್ಲಿಂದ ತಂದುಕೊಡಬೇಕು? ಹಾಗಾಗಿ ರಸ್ತೆ ಬದಿಯ ಕೇಬಲ್ ಡ್ರೋನಿಗೆ ಬೇಡ. ಇನ್ನು ನಮ್ಮ ಉಪ್ಪುಗಾಳಿ. ಕಡಲ ಪಕ್ಕ ಒಂದು ವರ್ಷ ಓಡಾಡಿದ ಕೇಬಲ್ಲಿನ ಬಾಯನ್ನು ಬೆಳಕಿಗೆ ಹಿಡಿದು ನೋಡಿ, ಪಿನ್ನುಗಳ ಬುಡದಲ್ಲಿ ಹಸಿರು ಕಲೆ ಕಾಣುತ್ತದೆ. ಕನೆಕ್ಷನ್ ಕಡಿದು ಹೋಗಿ ಬಂದು ಮಾಡುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಪ್ರತಿ ಸಲ ಮನೆಗೆ ಬಂದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡಿ.

ಎಷ್ಟು ಉಳಿಸಿದರೂ ಇಡೀ ದಿನ ಹೊರಗೆ ಇರುವಾಗ ಕಂಟ್ರೋಲರ್‌ಗೆ ಊಟ ಹಾಕಲೇಬೇಕು. ಎನ್1 ತೆಗೆದುಕೊಳ್ಳುವುದು 5 ವೋಲ್ಟ್, 2 ಆಂಪಿಯರ್. ಸಾಧಾರಣ ಪವರ್‌ಬ್ಯಾಂಕ್ ಸಾಕು, ಭಾರೀ ವಾಟಿನದು ಬೇಡ. 10,000 ಎಂಎಎಚ್ ಅಂತ ಬರೆದಿರುವ ಪವರ್‌ಬ್ಯಾಂಕಿನೊಳಗೆ ಸುಮಾರು 37 ವಾಟ್-ಅವರ್ ಇರುತ್ತದೆ. ನಡುವಿನ ನಷ್ಟ ಕಳೆದರೂ ನಿಮ್ಮ ಕಂಟ್ರೋಲರನ್ನು ಖಾಲಿಯಿಂದ ಒಂದು ಸಲ ತುಂಬಿಸಿ ಫೋನಿಗೂ ಸ್ವಲ್ಪ ಮಿಗುತ್ತದೆ. ಜಾಗದಿಂದ ಜಾಗಕ್ಕೆ ಹೋಗುವಾಗ ಕಂಟ್ರೋಲರ್ ಆಫ್ ಮಾಡಿ ಚೀಲದಲ್ಲಿ ಪವರ್‌ಬ್ಯಾಂಕಿಗೆ ಹಾಕಿಡಿ. ಮೊದಲು ದಾರಿಯಲ್ಲಿ ಇಳಿಯುತ್ತಿದ್ದ ದೀಪ ಈಗ ದಾರಿಯಲ್ಲೇ ಏರುತ್ತದೆ. ಮೂರು ಬ್ಯಾಟರಿಯ ಕಿಟ್ ಕೊಂಡವರಿಗೆ ಇನ್ನೊಂದು ಅನುಕೂಲ: ಮಿನಿ 2ರ ಚಾರ್ಜಿಂಗ್ ಹಬ್‌ನಲ್ಲಿ ಹೊರಗೆ ಕರೆಂಟ್ ಕೊಡುವ ಯುಎಸ್‌ಬಿ ತೂತೂ ಇದೆ. ಹಾರಿಸಿ ಇಳಿಸಿದ ಬ್ಯಾಟರಿಯಲ್ಲಿ ಉಳಿದದ್ದನ್ನು ಅಲ್ಲಿಂದ ಫೋನಿಗೋ ಕಂಟ್ರೋಲರ್‌ಗೋ ಕೊಡಬಹುದು. ಇನ್ನೂ ಹಾರಿಸಬೇಕಾದ ಬ್ಯಾಟರಿ ಹಬ್‌ನಲ್ಲಿ ಇದ್ದರೆ ಮೊದಲು ತೆಗೆದಿಡಿ.

ಪರದೆ ಒಳಗೇ ಇರುವ ಕಂಟ್ರೋಲರ್ ಕೊಂಡರೆ ಹೇಗೆ ಅಂತಲೂ ಕೆಲವರು ಕೇಳುತ್ತಾರೆ. ಡಿಜೆಐ ಆರ್‌ಸಿ ಅನ್ನೋದರಲ್ಲಿ ಪರದೆ ಇದೆ, ಬ್ಯಾಟರಿ ಅದೇ 5200 ಎಂಎಎಚ್, ಬಾಳುವುದು 4 ಗಂಟೆ. ನೋಡಿ, ಫೋನಿಗೆ ಚಾರ್ಜ್ ಕೊಡುವ ಎನ್1 ಬಾಳುವುದೂ ಅಷ್ಟೇ. ಪರದೆಗೆ ಯಾರಾದರೂ ಕರೆಂಟ್ ಕೊಡಲೇಬೇಕು. ಬರೀ ಬ್ಯಾಟರಿಗೋಸ್ಕರ ಅದನ್ನು ಕೊಳ್ಳಬೇಡಿ, ಅಲ್ಲದೆ ಮಿನಿ 2 ಜೊತೆ ಅದು ಹೊಂದುವುದಿಲ್ಲ. ವಿದೇಶಿ ಡ್ರೋನ್ ಆಮದನ್ನು 2022ರ ಫೆಬ್ರವರಿಯಲ್ಲಿ ಸರ್ಕಾರ ನಿಷೇಧಿಸಿದ ಮೇಲೆ ಇರುವುದನ್ನು ಜೋಪಾನ ಮಾಡುವುದೇ ದೊಡ್ಡ ಉಳಿತಾಯ.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯ. ಕಂಟ್ರೋಲರ್ ಖಾಲಿಯಾದರೆ ವಿಡಿಯೋ ನಿಂತಿತು ಅಂತ ಅಷ್ಟೇ ಅಲ್ಲ, ಡ್ರೋನ್ ಕೈ ತಪ್ಪುತ್ತದೆ. ಒಮ್ಮೆ ಗಂಗಾವಳಿ ಅಳಿವೆಯಲ್ಲಿ, ಮಂಜಗುಣಿ ಕಡೆ, ದೋಣಿಯಿಂದ ಹಾರಿಸಿದ್ದೆ. ಫೋನ್ ಬೆಳಿಗ್ಗೆಯೇ ಅರ್ಧ ಖಾಲಿ ಇತ್ತು, ಕಂಟ್ರೋಲರ್‌ನಲ್ಲಿ ಎರಡು ದೀಪ. ಸಾಕು ಅಂದುಕೊಂಡೆ. ಡ್ರೋನ್ ದೂರದಲ್ಲಿ ಬಲೆ ಎಳೆಯುವವರ ಮೇಲಿದ್ದಾಗ ಕಂಟ್ರೋಲರ್ ಬೀಪ್ ಅನ್ನಲು ಶುರು ಮಾಡಿತು. ಒಂದೇ ದೀಪ, ಅದೂ ಮಿಟುಕುತ್ತಿತ್ತು. ಎದೆ ಝಲ್ಲೆಂದಿತು. ಕಂಟ್ರೋಲರ್ ಸತ್ತರೆ ಡ್ರೋನ್ ಹೊರಟ ಜಾಗಕ್ಕೆ ತಾನೇ ವಾಪಸ್ ಬರುತ್ತದೆ, ಅದು ಗೊತ್ತಿತ್ತು. ಆದರೆ ಹೊರಟ ಜಾಗದಲ್ಲಿ ಈಗ ದೋಣಿ ಇರಲಿಲ್ಲ. ಇಳಿತದ ನೀರು ನಮ್ಮನ್ನು ಆಗಲೇ ತುಂಬ ದೂರ ಎಳೆದಿತ್ತು. ಅದು ಬಂದು ಇಳಿಯುವುದು ನೀರಿಗೆ.

ಆಗ ಮಾಡಿದ್ದು ಒಂದೇ ಕೆಲಸ, ಫೋನಿನ ಕೇಬಲ್ ಕಿತ್ತೆ. ಚಿತ್ರ ಹೋಯಿತು. ಡ್ರೋನ್ ಹೋಗಲಿಲ್ಲ. ಫೋನ್ ಇಲ್ಲದಿದ್ದರೂ ಕಂಟ್ರೋಲರ್‌ನ ಕಡ್ಡಿಗಳು ಕೆಲಸ ಮಾಡುತ್ತವೆ, ಡ್ರೋನ್ ಮಾತು ಕೇಳುತ್ತದೆ. ಕಣ್ಣಿಗೆ ಕಾಣುವ ದೂರದಲ್ಲೇ ಇದ್ದುದರಿಂದ ಆಕಾಶ ನೋಡುತ್ತಲೇ ನಿಧಾನಕ್ಕೆ ತಂದೆ. ದೋಣಿಯವರು ಕೈ ಎತ್ತಿ ಹೊಟ್ಟೆ ಕೆಳಗೆ ಹಿಡಿದರು. ರೆಕ್ಕೆ ನಿಂತ ಮೇಲೆ ನೋಡಿದರೆ ಕಂಟ್ರೋಲರ್ ಇನ್ನೂ ಆನ್ ಇತ್ತು. ಎಳೆಯುವವನು ಬಿಟ್ಟ ಮೇಲೆ ಆ ಕೊನೆಯ ದೀಪವೂ ಅಷ್ಟು ಹೊತ್ತು ಬಾಳಿತು.

ಹಾಗಾಗಿ ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಬೀಪ್ ಬಂದರೆ ಮೊದಲು ಡ್ರೋನನ್ನು ನಿಮ್ಮ ಕಡೆ ತಿರುಗಿಸಿ, ಕಣ್ಣಿಗೆ ಕಾಣುತ್ತಿದ್ದರೆ ಕೇಬಲ್ ಕಿತ್ತು ಕಣ್ಣಳತೆಯಲ್ಲಿ ತನ್ನಿ. ಕಾಣದಷ್ಟು ದೂರ ಬಿಡುವುದೇ ತಪ್ಪು. ಮನೆಯಂಗಳದಲ್ಲಿ ಒಮ್ಮೆ ಫೋನ್ ಇಲ್ಲದೆ ಹಾರಿಸಿ, ಇಳಿಸಿ, ಕೈಗೆ ರೂಢಿ ಮಾಡಿಕೊಳ್ಳಿ. ಸಿಗ್ನಲ್ ಹೋದಾಗ ಏನು ಮಾಡಬೇಕು ಅನ್ನೋದನ್ನು ಆ್ಯಪ್‌ನಲ್ಲಿ ಆರಿಸಬಹುದು: ವಾಪಸ್ ಬರುವುದು, ಅಲ್ಲೇ ನಿಲ್ಲುವುದು, ಕೆಳಗಿಳಿಯುವುದು. ನೆಲದಿಂದ ಹಾರಿಸಿದ್ದರೆ ವಾಪಸ್ ಬರುವುದೇ ಸರಿ. ವಾಪಸ್ ಬರುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಮರಕ್ಕಿಂತ ಮೇಲೆ ಇಡಿ. ಮಿನಿ 2ಕ್ಕೆ ಅಡೆತಡೆ ನೋಡುವ ಕಣ್ಣು ಮುಂದುಗಡೆ ಇಲ್ಲ, ಸೆನ್ಸರ್ ಇರುವುದು ಕೆಳಗೆ ಮಾತ್ರ. ಅಡಿಕೆ ತೋಟದ ಅಂಚಿನಲ್ಲಿ ಮಾವಿನ ಮರವೋ ಹಲಸಿನ ಮರವೋ ಅಡಿಕೆಗಿಂತ ಎತ್ತರ ನಿಂತಿರುತ್ತದೆ, ಅದನ್ನು ಮರೆಯುವವರೇ ಜಾಸ್ತಿ. ಯಾಣದಲ್ಲಿ ಭೈರವೇಶ್ವರ ಶಿಖರವೇ 120 ಮೀಟರ್. ನಮ್ಮ ನಿಯಮದಲ್ಲಿ ಹಸಿರು ವಲಯದಲ್ಲಿ ಹಾರಬಹುದಾದ ಎತ್ತರವೂ 400 ಅಡಿ, ಅಂದರೆ ಸುಮಾರು ಅಷ್ಟೇ. ಅಂಥ ಕಡೆ ತಾನಾಗಿ ವಾಪಸ್ ಬರುತ್ತದೆ ಅನ್ನೋ ಧೈರ್ಯವೇ ಬೇಡ.

ಕಾರವಾರದ ಕಡೆ ಹೋಗುವುದಿದ್ದರೆ ಐಎನ್‌ಎಸ್ ಕದಂಬ ನೌಕಾನೆಲೆ, ಕೈಗಾ ಅಣುಸ್ಥಾವರ ಎರಡರ ಸುತ್ತಮುತ್ತಲೂ ಡ್ರೋನ್ ತೆಗೆಯಬೇಡಿ. ಹೊರಡುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯದ ಬಣ್ಣ ನೋಡಿಕೊಳ್ಳಿ.

ಕೊನೆಗೆ ನಿಮ್ಮ ಕಂಟ್ರೋಲರ್ ವಯಸ್ಸು. ಮಿನಿ 2 ಬಂದಿದ್ದು 2020ರ ನವೆಂಬರಿನಲ್ಲಿ. ನಿಮ್ಮದು ಆಗಿನದಾದರೆ ಬ್ಯಾಟರಿ ಮೊದಲಿನಷ್ಟು ಹಿಡಿಯುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ನಾವು ಯಾರೂ ಡ್ರೋನ್ ಮುಟ್ಟುವುದಿಲ್ಲ, ಅದು ಕಪಾಟಿನಲ್ಲಿ ಖಾಲಿಯಾಗಿ ಕೂತಿರುತ್ತದೆ. ಲಿಥಿಯಂ ಬ್ಯಾಟರಿ ಕೆಡುವುದು ಹಾಗೇ. ಮೂರು ತಿಂಗಳಿಗೆ ಒಮ್ಮೆಯಾದರೂ ಕಂಟ್ರೋಲರ್ ಚಾರ್ಜ್ ಮಾಡಬೇಕು. ಮಳೆ ಶುರುವಾಗುವ ಮುಂಚೆ ಒಮ್ಮೆ, ಚೌತಿ ಹತ್ತಿರ ಬಂದಾಗ ಒಮ್ಮೆ ಅಂತ ನಾನು ಇಟ್ಟುಕೊಂಡಿದ್ದೇನೆ.

ಮುಂದಿನ ಭಾನುವಾರ ಹೀಗೆ ಮಾಡಿ ನೋಡಿ. ಫೋನ್ ಪೂರ್ತಿ ತುಂಬಿಸಿ, ಏರ್‌ಪ್ಲೇನ್ ಮೋಡ್ ಹಾಕಿ, ಮೂರು ಬ್ಯಾಟರಿ ಹಾರಿಸಿ, ನಡುವೆ ಪ್ರತಿ ಸಲ ಕೇಬಲ್ ತೆಗೆದು ಕಂಟ್ರೋಲರ್ ಆಫ್ ಮಾಡಿ. ಪವರ್‌ಬ್ಯಾಂಕ್ ಆವತ್ತು ಬೇಡ. ಮೂರೂ ಮುಗಿದ ಮೇಲೆ ಎರಡು ದೀಪವೋ ಮೂರು ದೀಪವೋ ಉಳಿದಿದ್ದರೆ ತೊಂದರೆ ಇದ್ದಿದ್ದು ಫೋನ್ ಸಿಕ್ಕಿಸಿಡುವ ಅಭ್ಯಾಸದಲ್ಲಿ. ಆಗಲೂ ಒಂದೇ ದೀಪ ಇದ್ದರೆ ಕಂಟ್ರೋಲರ್ ಬ್ಯಾಟರಿಯೇ ಸೋತಿದೆ, ಅದನ್ನು ಬಿಚ್ಚಿ ನೋಡಿ ಬದಲಾಯಿಸುವವರ ಹತ್ತಿರ ಕೊಡಬೇಕು. ಎಷ್ಟು ದೀಪ ಉಳಿಯಿತು, ಫೋನ್ ಎಷ್ಟು ವರ್ಷದ್ದು ಅಂತ ಬರೆಯಿರಿ, ಮುಂದೆ ಏನು ಮಾಡಬೇಕು ಅಂತ ಹೇಳುತ್ತೇನೆ.